ಕೋಣೆಯ ಗುಟ್ಟಿಗೆ ವಾಗ್ದಂಡನೆ ಯಾಕೆ?

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರ ಖಾಸಗಿ ನಡತೆಯ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: ಕಟ್ಟಿಕೊಂಡ ಹೆಂಡತಿಗೇ ಮೋಸ ಮಾಡಿದವನು ದೇಶಕ್ಕೆ ಮಾಡುವುದಿಲ್ಲ ಅಂತ ಏನು ಗ್ಯಾರಂಟಿ? ಕೇಳೋದಕ್ಕೆ ಸರಿ ಅನಿಸುತ್ತದೆ. 1998ರಲ್ಲಿ ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಗಲಾಟೆ ನಡೆಯುವಾಗ ನಾನೂ ಹೀಗೇ ಹೇಳಿ, ಅವರಿಗೆ ವಾಗ್ದಂಡನೆ (ಇಂಪೀಚ್‌ಮೆಂಟ್) ಆಗಲೇಬೇಕು ಅಂತ ವಾದ ಮಾಡುತ್ತಿದ್ದೆ, ಅದೂ ದೊಡ್ಡ ಗಂಟಲಲ್ಲಿ. ಈಗ ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ವಾಗ್ದಂಡನೆ ಅಂದರೆ ಕುರ್ಚಿಯಿಂದ ಇಳಿಸಿದ ಹಾಗೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಲ್ಲಿನ ಸಂಸತ್ತಿನ ಕೆಳಮನೆ ಆರೋಪ ಹೊರಿಸುವುದಷ್ಟೇ ವಾಗ್ದಂಡನೆ, ಅದಕ್ಕೆ ಬರೀ ಬಹುಮತ ಸಾಕು. ಇಳಿಸಬೇಕಾದರೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು, ಈಗಿನ ನೂರು ಜನರಲ್ಲಿ 67. ಒಬ್ಬ ಅಧ್ಯಕ್ಷನನ್ನೂ ಹಾಗೆ ಇಳಿಸಿದ್ದಿಲ್ಲ. ನಮ್ಮ ಪದವನ್ನೇ ಬಿಡಿಸಿ ನೋಡಿ, ಮಾತಿನ ಶಿಕ್ಷೆ. ಕ್ಲಿಂಟನ್ ವಿಷಯದಲ್ಲಿ ಅದು ಅಕ್ಷರಶಃ ಅಷ್ಟೇ ಆಯಿತು.

ಯಾವ ತಪ್ಪಿಗೆ ಈ ಶಿಕ್ಷೆ ಅಂತ ಅವರ ಸಂವಿಧಾನ ಒಂದೇ ಸಾಲಿನಲ್ಲಿ ಹೇಳುತ್ತದೆ: ದೇಶದ್ರೋಹ, ಲಂಚ, ಮತ್ತೆ ಇತರ ಘೋರ ಅಪರಾಧ ಮತ್ತು ದುರ್ನಡತೆ. ಜಗಳ ಇರುವುದೆಲ್ಲ ಆ ಕೊನೇ ಮಾತಿನಲ್ಲಿ. ಕನ್ನಡದಲ್ಲಿ ದುರ್ನಡತೆ ಅಂದ ತಕ್ಷಣ ಹೆಂಡ, ಹೆಣ್ಣು ಅಂತ ಮನಸ್ಸು ಓಡುತ್ತದೆ, ಅಲ್ವಾ? ಆದರೆ ಅದು ಹಳೇ ಇಂಗ್ಲೆಂಡಿನ ಸಂಸತ್ತಿನಿಂದ ಬಂದ ಮಾತು, ಮುಖ್ಯವಾಗಿ ಅಧಿಕಾರ ಕೆಡಿಸಿದವರ ಮೇಲೆ ಹೊರಿಸುತ್ತಿದ್ದ ಆರೋಪ. 1787ರಲ್ಲಿ ಸಂವಿಧಾನ ಬರೆಯುವ ಸಭೆಯಲ್ಲಿ ಜಾರ್ಜ್ ಮೇಸನ್ ‘ಕೆಟ್ಟ ಆಡಳಿತ’ ಅನ್ನುವುದನ್ನೂ ಸೇರಿಸಿ ಅಂದಿದ್ದರು. ಅದೇ ಸಭೆಯಲ್ಲಿದ್ದ ಜೇಮ್ಸ್ ಮ್ಯಾಡಿಸನ್ ಒಪ್ಪಲಿಲ್ಲ. ಇಷ್ಟು ಸಡಿಲ ಮಾತು ಹಾಕಿದರೆ ಸೆನೆಟ್‌ಗೆ ಇಷ್ಟ ಇರುವಷ್ಟು ದಿನ ಮಾತ್ರ ಅಧ್ಯಕ್ಷ ಉಳಿಯುತ್ತಾನೆ ಅಂದರು. ಮೇಸನ್ ಅದನ್ನು ಬಿಟ್ಟು ಈಗಿರುವ ಮಾತು ಹಾಕಿದರು. ಕೆಟ್ಟ ಆಡಳಿತವೇ ಸಡಿಲ ಅನಿಸಿದವರಿಗೆ ಕೆಟ್ಟ ಗುಣ ಏನನಿಸುತ್ತಿತ್ತು?

ಕ್ಲಿಂಟನ್ ಕತೆ ಎಲ್ಲರಿಗೂ ಅರ್ಧ ಗೊತ್ತು. ಅವರು ಅರ್ಕಾನ್ಸಾದ ಗವರ್ನರ್ ಆಗಿದ್ದಾಗ ತನ್ನ ಜೊತೆ ಅಸಭ್ಯವಾಗಿ ನಡೆದುಕೊಂಡರು ಅಂತ ಮಹಿಳೆಯೊಬ್ಬರು 1994ರಲ್ಲಿ ದಾವೆ ಹಾಕಿದರು. ಅಧಿಕಾರ ಮುಗಿಯುವವರೆಗೆ ಕೇಸು ತಡೆಯಿರಿ ಅಂತ ಅಧ್ಯಕ್ಷರ ವಕೀಲರು ಕೇಳಿದರು. 1997ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆಗಲ್ಲ ಅಂದರು. ಅದೇ ಕೇಸಿನಲ್ಲಿ, ಶ್ವೇತಭವನದಲ್ಲಿ ಇಂಟರ್ನ್ ಆಗಿದ್ದ ಹುಡುಗಿಯ ಜೊತೆ ತನಗೆ ಸಂಬಂಧ ಇರಲಿಲ್ಲ ಅಂತ ಅವರು ಪ್ರಮಾಣ ಮಾಡಿ ಹೇಳಿದ್ದು. ಆಮೇಲೆ 1998ರ ಆಗಸ್ಟ್ 17ರಂದು ಶ್ವೇತಭವನದ ಮ್ಯಾಪ್ ರೂಮಿನಲ್ಲಿ ಕ್ಯಾಮೆರಾ ಮುಂದೆ ನಾಲ್ಕು ತಾಸು ಕೂತು, ‘ಇದೆ’ ಅನ್ನುವ ಪದಕ್ಕೆ ಏನರ್ಥ ಅನ್ನುವುದರ ಮೇಲೆ ಉತ್ತರ ನಿಂತಿದೆ ಅಂತ ಗ್ರ್ಯಾಂಡ್ ಜ್ಯೂರಿಗೆ, ಅಂದರೆ ಕೇಸು ಹಾಕಬೇಕೋ ಬೇಡವೋ ಅಂತ ನೋಡುವ ಸಾಮಾನ್ಯ ನಾಗರಿಕರ ಮಂಡಳಿಗೆ, ವ್ಯಾಕರಣ ಪಾಠ ಮಾಡಿದರು. ಆ ವಿಡಿಯೊ ನೋಡಿ ನನಗೆ ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ ಆಗಿತ್ತು.

1998ರ ಡಿಸೆಂಬರ್ 19, ಕೆಳಮನೆಯಲ್ಲಿ ಮತದಾನದ ದಿನ. ಸ್ಪೀಕರ್ ಆಗಬೇಕಿದ್ದ ಬಾಬ್ ಲಿವಿಂಗ್‌ಸ್ಟನ್ ಎದ್ದು ನಿಂತು ಅಧ್ಯಕ್ಷರು ರಾಜೀನಾಮೆ ಕೊಡಲಿ ಅಂದರು. ಎದುರು ಬೆಂಚುಗಳಿಂದ ‘ನೀವು ಕೊಡಿ, ನೀವು ಕೊಡಿ’ ಅಂತ ಕೂಗು ಎದ್ದಿತು. ಯಾಕೆಂದರೆ ಆ ಮನುಷ್ಯ ತನ್ನ ಹಳೇ ಸಂಬಂಧಗಳನ್ನು ಎರಡು ದಿನದ ಹಿಂದಷ್ಟೇ ಒಪ್ಪಿಕೊಂಡಿದ್ದರು. ಕೈ ಎತ್ತಿ ಕೂಗು ನಿಲ್ಲಿಸಿ, ಸರಿ, ಸ್ಪೀಕರ್ ಹುದ್ದೆಗೆ ನಾನು ನಿಲ್ಲುವುದಿಲ್ಲ ಅಂತ ಅಲ್ಲೇ ಹೇಳಿಬಿಟ್ಟರು. ಖಾಸಗಿ ನಡತೆಯನ್ನು ಅಳತೆಗೋಲು ಮಾಡಿಕೊಂಡರೆ ಆ ಸದನದಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ!

ಅವತ್ತು ಪಾಸಾದ ಆರೋಪ ಎರಡು. ಗ್ರ್ಯಾಂಡ್ ಜ್ಯೂರಿ ಮುಂದೆ ಸುಳ್ಳು ಹೇಳಿದ್ದು, 228–206. ನ್ಯಾಯಕ್ಕೆ ಅಡ್ಡಿ ಮಾಡಿದ್ದು, 221–212. ಫೆಬ್ರುವರಿಯಲ್ಲಿ ಸೆನೆಟ್ ಎರಡರಲ್ಲೂ ಬಿಟ್ಟು ಕಳಿಸಿತು. ಹಾಗಂತ ಸುಳ್ಳಿಗೆ ಶಿಕ್ಷೆ ಆಗಲಿಲ್ಲವಾ? ಆಯಿತು. ಸುಳ್ಳು ಸಾಕ್ಷ್ಯಕ್ಕೆ ನ್ಯಾಯಾಲಯ ಸುಮಾರು 90 ಸಾವಿರ ಡಾಲರ್ ಕಟ್ಟಿಸಿತು, ಅರ್ಕಾನ್ಸಾದಲ್ಲಿ ಐದು ವರ್ಷ ವಕೀಲಿ ಲೈಸೆನ್ಸ್ ಹೋಯಿತು, ದಾವೆ ಹಾಕಿದ ಮಹಿಳೆಗೆ ರಾಜಿಯಲ್ಲಿ ಎಂಟೂವರೆ ಲಕ್ಷ ಡಾಲರ್ ಸಿಕ್ಕಿತು. ಸೆನೆಟ್ ಕೈಯಲ್ಲಿ ಆಗದ್ದು ಕೋರ್ಟಿನಲ್ಲಿ ಆಯಿತು.

ಒಂದು ವಿಷಯ ಮಾತ್ರ ಇವತ್ತಿಗೂ ನನ್ನನ್ನು ಕುಟುಕುತ್ತದೆ. 22 ವರ್ಷದ ಹುಡುಗಿ, 49 ವರ್ಷದ ಅಧ್ಯಕ್ಷ, ಅದೂ ಆಫೀಸಿನಲ್ಲೇ. ಇದನ್ನು ಖಾಸಗಿ ಅನ್ನುವುದಾದರೂ ಹೇಗೆ? ಇಬ್ಬರಿಗೂ ಒಪ್ಪಿಗೆ ಇತ್ತು ಅಂದ ಮಾತ್ರಕ್ಕೆ ಇಬ್ಬರ ಬಲ ಒಂದೇ ಆಗುವುದಿಲ್ಲ. ಕೆಳಮನೆ ಇದನ್ನೇ ಹಿಡಿದು, ಕುರ್ಚಿಯ ಬಲವನ್ನು ಕೈಕೆಳಗಿನ ಹುಡುಗಿಯ ಮೇಲೆ ಬಳಸಿದಿರಿ ಅಂತ ಆರೋಪ ಹೊರಿಸಿದ್ದರೆ ನಾನು ಕೂತು ಯೋಚಿಸುತ್ತಿದ್ದೆ. ಅದನ್ನು ಯಾರೂ ಎತ್ತಲೇ ಇಲ್ಲ. ಅಧಿಕಾರ ದುರುಪಯೋಗ ಅಂತ ಹೆಸರಿಟ್ಟ ಇನ್ನೊಂದು ಆರೋಪ ಸದನದಲ್ಲಿ ಬಿದ್ದುಹೋಯಿತಲ್ಲ, ಅದೂ ಕೆಳಮನೆಯ ನ್ಯಾಯ ಸಮಿತಿಗೆ ಕೊಟ್ಟ ಸುಳ್ಳು ಉತ್ತರಗಳ ಬಗ್ಗೆಯೇ ಇತ್ತು. ಹುಡುಗಿ ಬರೀ ಸಾಕ್ಷಿಯಾಗಿ ಉಳಿದಳು.

ಅಧ್ಯಕ್ಷ ರಿಚರ್ಡ್ ನಿಕ್ಸನ್ ಕಾಲದಲ್ಲಿ ಸ್ವಲ್ಪ ವಿವೇಕ ಜಾಸ್ತಿ ಇತ್ತು ಅನಿಸುತ್ತದೆ. 1974ರಲ್ಲಿ ಅವರ ಮೇಲೆ ತೆರಿಗೆ ವಂಚನೆಯ ಆರೋಪವೂ ಬಂದಿತ್ತು, ಸಮಿತಿ 26–12ರಲ್ಲಿ ಅದನ್ನು ಕೈಬಿಟ್ಟಿತು. ವಾಟರ್‌ಗೇಟ್ ಅನ್ನುವ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿದ್ದನ್ನು ಮುಚ್ಚಿಹಾಕಿದ್ದು, ಸರ್ಕಾರಿ ಸಂಸ್ಥೆಗಳನ್ನು ವಿರೋಧಿಗಳ ಮೇಲೆ ಛೂ ಬಿಟ್ಟಿದ್ದು, ಇಂಥವನ್ನು ಬಿಡಲಿಲ್ಲ.

ನನ್ನ ಮನಸ್ಸು ಪೂರ್ತಿ ಬದಲಾಗಿದ್ದು 2024ರ ಜುಲೈ 1ರಂದು. ಅಧ್ಯಕ್ಷರು ಅಧಿಕಾರದ ಕೆಲಸವಾಗಿ ಮಾಡಿದ್ದಕ್ಕೆ ಕ್ರಿಮಿನಲ್ ಕೇಸಿನಿಂದ ದೊಡ್ಡ ರಕ್ಷಣೆ ಇದೆ, ಖಾಸಗಿಯಾಗಿ ಮಾಡಿದ್ದಕ್ಕೆ ಇಲ್ಲ ಅಂತ ಸುಪ್ರೀಂ ಕೋರ್ಟ್ 6–3ರಲ್ಲಿ ತೀರ್ಪು ಕೊಟ್ಟಿತು. ಇದನ್ನು 1997ರ ತೀರ್ಪಿನ ಪಕ್ಕ ಇಟ್ಟು ನೋಡಿ. ಮಲಗುವ ಕೋಣೆಯ ತಪ್ಪಿಗೆ ಕೋರ್ಟಿನ ಬಾಗಿಲು ತೆರೆದಿದೆ, ತಡವಾದರೂ ತೆರೆದಿದೆ. ತಮ್ಮ ಜೊತೆ ಸಂಬಂಧ ಇತ್ತು ಅನ್ನುವ ನಟಿಯೊಬ್ಬಳಿಗೆ ಟ್ರಂಪ್ ವಕೀಲನ ಕೈಯಿಂದ ಕೊಡಿಸಿದ 1,30,000 ಡಾಲರ್ ಬಾಯಿಮುಚ್ಚಿಸೋ ದುಡ್ಡಿನ ಪ್ರಕರಣ ನೋಡಿ. ವಕೀಲನಿಗೆ ಆ ಹಣ ತಿರುಗಿಸಲು ಅಧ್ಯಕ್ಷರಾಗಿದ್ದಾಗಲೇ ಚೆಕ್ಕಿಗೆ ಸಹಿ ಹಾಕಿದರು, ಅದಕ್ಕೆ ವಾಗ್ದಂಡನೆ ಆಗಲಿಲ್ಲ. ಆದರೆ 2024ರ ಮೇ 30ರಂದು ನ್ಯೂಯಾರ್ಕ್ ಜ್ಯೂರಿ, ಲೆಕ್ಕಪತ್ರ ತಿದ್ದಿದ 34 ಆರೋಪದಲ್ಲೂ ತಪ್ಪಿತಸ್ಥ ಅಂದಿತು. ಶಿಕ್ಷೆ ಅಂತ ಏನೂ ಕೊಡಲಿಲ್ಲ, ಅದು ಬೇರೆ ಮಾತು. ಇನ್ನೊಂದು ಕಡೆ, ಸೇನೆ, ಪೊಲೀಸು, ಕ್ಷಮಾದಾನ ಇವನ್ನೆಲ್ಲ ಒಬ್ಬ ಅಧ್ಯಕ್ಷ ಕೆಟ್ಟದ್ದಕ್ಕೆ ಬಳಸಿದರೆ ಕೋರ್ಟಿನ ಬಾಗಿಲು ಬಹುಪಾಲು ಮುಚ್ಚಿದೆ. ಅಲ್ಲಿ ಉಳಿದಿರುವುದು ವಾಗ್ದಂಡನೆ ಒಂದೇ ಕೋಲು. ಅದನ್ನು ಹಾಸಿಗೆಯ ವಿಷಯಕ್ಕೆಲ್ಲ ಬೀಸಿ ಬೀಸಿ ಸವೆಸಿದರೆ ನಿಜವಾಗಿ ಬೇಕಾದಾಗ ಅದಕ್ಕೆ ಯಾರು ಹೆದರುತ್ತಾರೆ?

ಹೆಂಡತಿಯ ಗ್ಯಾರಂಟಿ ಕೇಳುವವರಿಗೆ, ಅಮೆರಿಕವನ್ನು ಕಟ್ಟಿದವರಲ್ಲಿ ಒಬ್ಬನಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕತೆ ಹೇಳಬೇಕು. ವಾಗ್ದಂಡನೆ ಇರುವುದು ಜನರ ನಂಬಿಕೆ ಕೆಡಿಸಿದ ತಪ್ಪುಗಳಿಗೆ ಅಂತ 1788ರಲ್ಲಿ ಪತ್ರಿಕೆಗೆ ಬರೆದ ಮನುಷ್ಯ. ಮೂರೇ ವರ್ಷದಲ್ಲಿ, ಖಜಾನೆ ಮಂತ್ರಿಯಾಗಿದ್ದಾಗ, ಮದುವೆಯಾದ ಒಬ್ಬ ಹೆಂಗಸಿನ ಜೊತೆ ಸಂಬಂಧ ಬೆಳೆಸಿ ಸಿಕ್ಕಿಹಾಕಿಕೊಂಡ, ಅವಳ ಗಂಡನಿಗೆ ಸಾವಿರ ಡಾಲರಿಗೂ ಜಾಸ್ತಿ ಕಕ್ಕಿದ. ಖಜಾನೆ ದುಡ್ಡೇ ಹೋಗುತ್ತಿದೆ ಅಂತ ಗುಮಾನಿ ಬಂದು 1792ರ ಡಿಸೆಂಬರಿನಲ್ಲಿ ಮೂವರು ಸಂಸದರು ವಿಚಾರಿಸಲು ಬಂದರು, ಒಬ್ಬರು ಮುಂದೆ ಅಧ್ಯಕ್ಷರಾದ ಮನ್ರೋ. ಹ್ಯಾಮಿಲ್ಟನ್ ಪ್ರೇಮಪತ್ರ, ಹಣ ಕೇಳಿದ ಪತ್ರ ಎಲ್ಲವನ್ನೂ ಮುಂದಿಟ್ಟು ಓದತೊಡಗಿದ. ಹೋದದ್ದು ಸ್ವಂತ ಜೇಬಿನ ದುಡ್ಡು ಅಂತ ಗೊತ್ತಾದ ಮೇಲೆ ಬಂದವರಿಗೇ ಮುಜುಗರ, ಸಾಕು, ಇನ್ನು ಬೇಡ ಅನ್ನುವ ಹಾಗಾಯಿತು. ಅವನೇ ಬಿಡದೆ ಕೊನೇ ಪತ್ರದವರೆಗೂ ತೋರಿಸಿದ. ಅವರು ಎದ್ದು ಹೋದರು. ಆ ಸಂಬಂಧಕ್ಕಾಗಿ ಖಜಾನೆ ಮಂತ್ರಿಯ ಮೇಲೆ ಅವರು ಯಾವ ಕ್ರಮಕ್ಕೂ ಹೋಗಲಿಲ್ಲ.

ಇಂತಿ,
ನಿಮ್ಮ ಹಳೇ ಓದುಗ