ತೂಬಿನ ಬೀಗದ ಕೈ ಊರಿಗೆ ಕೊಡಿ

ಮಾನ್ಯರೇ,

ಕೆರೆ ಏರಿ ಮೇಲೆ ಜಾಲಿ ಬೆಳೆದರೆ ‘ಹಳ್ಳಿಯವರು ಸೋಮಾರಿಗಳಾದರು’ ಎಂಬ ಮಾತು ಸಲೀಸಾಗಿ ಬರುತ್ತದೆ. ಅದು ಪೂರ್ತಿ ನಿಜವಲ್ಲ.

ಹಳೇ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡುವವನು ನೀರುಗಂಟಿ. ಕೂಲಿ ಸಿಗುತ್ತಿದ್ದುದು ಧಾನ್ಯದಲ್ಲಿ. ಕೆರೆ ತುಂಬದ ವರ್ಷ ‘ದಾಮಾಷ’ ಮಾಡುತ್ತಿದ್ದರು. ಇರುವ ನೀರಿಗೆ ಎಷ್ಟು ಗದ್ದೆ ಬೆಳೆಯಬಹುದೋ ಅಷ್ಟನ್ನೇ ಏರಿಯ ಹತ್ತಿರ ಗುರುತಿಸಿ, ಹಿಡುವಳಿಗೆ ತಕ್ಕಂತೆ ಎಲ್ಲರಿಗೂ ಹಂಚಿಕೆ. ನೂರು ಎಕರೆ ಅಚ್ಚುಕಟ್ಟಿನಲ್ಲಿ (ಕೆರೆ ನೀರು ಹಾಯುವ ಜಮೀನಿನಲ್ಲಿ) ನಲವತ್ತಕ್ಕೆ ನೀರಿದ್ದರೆ ಎರಡು ಎಕರೆಯವನಿಗೆ 32 ಗುಂಟೆ, ಅದು ಇನ್ನೊಬ್ಬನ ಗದ್ದೆಯಲ್ಲಿದ್ದರೂ ಸರಿಯೇ. ಪಾಲು ಖಾತ್ರಿಯಿದ್ದುದರಿಂದ ಕಾಲುವೆ ಹೂಳೆತ್ತಲು ಜನ ಗುದ್ದಲಿ ಹಿಡಿದು ಬರುತ್ತಿದ್ದರು. ಹಾಗೆಂದು ಅದು ರಾಮರಾಜ್ಯವೂ ಅಲ್ಲ. ನೀರುಗಂಟಿಗಳಲ್ಲಿ ಬಹಳ ಮಂದಿ ದಲಿತರು, ನೀರು ಬಿಡುವವರ ಮಾತಿಗೆ ಊರಿನಲ್ಲಿ ಬೆಲೆ ಕಮ್ಮಿ.

ಈಗ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆ ಪಂಚಾಯಿತಿಗೆ, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ರೈತನಿಗೆ ಉಳಿದದ್ದು ಅರ್ಜಿ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆ, ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ. ತೂಬು ಮುಚ್ಚಿಯೇ ಇದ್ದ ಮೇಲೆ ಏರಿಯನ್ನು ಯಾರು ಸುತ್ತಿ ನೋಡುತ್ತಾರೆ? ಫಲ ತನ್ನ ಕೈಯಲ್ಲಿದೆಯೋ ಹೊರಗಿನವರ ಕೈಯಲ್ಲಿದೆಯೋ ಎಂಬ ನಂಬಿಕೆ ಮನುಷ್ಯನ ನಡೆಯನ್ನು ತಿದ್ದುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲೇ ಬರೆದಿದ್ದರು.

ಸುತ್ತಿ ನೋಡದಿದ್ದರೆ ಆಗುವುದು ಇಷ್ಟು. ಜಾಲಿಯನ್ನು ಬೆರಳು ಗಾತ್ರವಿದ್ದಾಗಲೇ ಬೇರುಸಮೇತ ಕೀಳಬೇಕು. ತೊಡೆ ಗಾತ್ರವಾದ ಮೇಲೆ ಬರೀ ಕಡಿದರೆ ಒಳಗಿನ ಬೇರು ಕೊಳೆತು ಏರಿಯಲ್ಲಿ ಕೊಳವೆಯಾಗುತ್ತದೆ. ಇಲಿ, ಏಡಿ ಬಿಲಗಳ ಬಾಯಿಗೆ ಮಣ್ಣು ಮೆತ್ತಿದರೆ ಸಾಲದು. ಜಾಡು ಹಿಡಿದು ಅಗೆದು, ಹದವಾಗಿ ನೆನೆದ ಜೇಡಿಮಣ್ಣನ್ನು ಅರ್ಧರ್ಧ ಅಡಿ ಪದರ ಹಾಕಿ ದಿಮ್ಮಸು ಬಡಿಯಬೇಕು. ಏರಿಯ ಹಿಂಬದಿಯಲ್ಲಿ ತಿಳಿನೀರು ಜಿನುಗಿದರೆ ಕಣ್ಣಿಟ್ಟಿರಬೇಕು. ಕದಡಿದ ನೀರು ಬಂದರೆ ಒಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆ, ತಡಮಾಡುವಂತಿಲ್ಲ. ಬಿಲ ಸಣ್ಣದಿದ್ದಾಗ ಇಬ್ಬರಿಗೆ ಅರ್ಧ ದಿನದ ಕೆಲಸ. ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಮುಗಿಯುವುದರೊಳಗೆ ಮುಂಗಾರು ಬಂದಿರುತ್ತದೆ.

ಆದ್ದರಿಂದ ತೂಬಿನ ಬೀಗದ ಕೈಯನ್ನೂ ಏರಿಯ ಸಣ್ಣ ದುರಸ್ತಿಯ ಹಣವನ್ನೂ ಕೆರೆ ಬಳಕೆದಾರರ ಸಂಘಕ್ಕೆ ಏಪ್ರಿಲ್‌ನಲ್ಲೇ ವಹಿಸಬೇಕು. ನೀರು ಬಿಡುವಂತಿಲ್ಲದ ಕೆರೆಗಳಲ್ಲೂ ಯಾವ ಹೂಳನ್ನು ಎಷ್ಟು ಆಳ ತೆಗೆಯಬೇಕು, ಯಾರ ಹೊಲಕ್ಕೆ ಹೋಗಬೇಕು ಎಂಬುದನ್ನು ಗ್ರಾಮಸಭೆಯೇ ತೀರ್ಮಾನಿಸಲಿ. ಸಂಘದ ಸಮಿತಿಯಲ್ಲಿ ನೀರುಗಂಟಿಗೂ ಒಂದು ಮತ ಇರಲಿ.

– ಕೆರೆ ಅಚ್ಚುಕಟ್ಟಿನ ರೈತರು, ಕೋಲಾರ ಜಿಲ್ಲೆ