ಉಳಿ ಹಿಡಿಯದ ಕೈ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳಾದ್ದರಿಂದ ಅದನ್ನು ಬಿಟ್ಟಿದ್ದೇನೆ. ಉಳಿ ಹಿಡಿಯಲು ಬಾರದವಳು ಬರಿಯ ಗೆರೆ ಎಳೆದು ಪೀಠೋಪಕರಣ ವಿನ್ಯಾಸಕಿ ಎನಿಸಿಕೊಳ್ಳುವುದು ಮೋಸವಲ್ಲವೇ ಎಂದು ನೀನು ಪತ್ರದ ಕೊನೆಯಲ್ಲಿ ಬರೆದ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಪ್ಯಾರಿಸಿನಲ್ಲಿ ಓದುತ್ತಿರುವ ನಿನಗೆ ಪೀಠೋಪಕರಣ ವಿನ್ಯಾಸಕ ಎಮಿಲ್-ಜಾಕ್ ರೂಲ್‌ಮಾನ್ ಯಾರೆಂದು ನಾನು ಹೇಳಬೇಕಾಗಿಲ್ಲ. ಆದರೆ 1879ರಲ್ಲಿ ಅದೇ ಊರಿನಲ್ಲಿ, ಮನೆಗಳಿಗೆ ಬಣ್ಣ ಬಳಿಸುವ ಗುತ್ತಿಗೆದಾರನ ಮಗನಾಗಿ ಹುಟ್ಟಿದ ಆತ ಬಡಗಿಯಲ್ಲ ಎಂಬುದನ್ನು ನೀನು ಮರೆತಂತಿದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಮರಗೆಲಸದ ಅಳತೆ, ಹದಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮಕಾಸರ್ ಎಬೊನಿ ಎಂಬ ಕರಿಮರದಲ್ಲಿ ದಂತದ ತೆಳುಗೆರೆ ಕೂರಿಸಿ, ಕದಿರಿನಂತೆ ಸಣ್ಣಗಾಗುವ ಕಾಲುಗಳ ಮೇಲೆ ನಿಲ್ಲಿಸಿದ ಆ ಕಪಾಟುಗಳು ಆತನ ಕಾಗದದ ಮೇಲೆ ಹುಟ್ಟಿ ಬೇರೆಯವರ ಕೈಯಲ್ಲಿ ಬೆಳೆದವು. ಮರಗೆಲಸದ ಸ್ವಂತ ಕಾರ್ಯಾಗಾರ ಬಂದದ್ದೇ 1923ರಲ್ಲಿ. ಎರಡು ವರ್ಷಗಳ ನಂತರದ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಪ್ರದರ್ಶನದಲ್ಲಿ, ವಾಸ್ತುಶಿಲ್ಪಿ ಪಿಯೆರ್ ಪಾತೂ ವಿನ್ಯಾಸದ ಪ್ರದರ್ಶನ ಮಂಟಪವನ್ನು ಒಳಗಿನಿಂದ ಅಲಂಕರಿಸಿ ಆತ ಲೋಕಪ್ರಸಿದ್ಧನಾದ. ನಮ್ಮ ಇಂದೋರಿನ ಮಹಾರಾಜರ ಮಾಣಿಕ್ ಬಾಗ್ ಅರಮನೆಗೂ ಆತನ ಮೇಜು ಬಂತು.

ಮೋಸ ಎಂಬ ಪದಕ್ಕೇ ಮತ್ತೆ ಬರುತ್ತೇನೆ, ಏಕೆಂದರೆ ಅದನ್ನು ಮಾಡಿದವನು ನಾನು. ಡ್ರಾಫ್ಟ್ಸ್‌ಮನ್ ಆಗಿದ್ದಾಗ ಒಂದು ಬೀರುವಿನ ಬಾಗಿಲಿಗೆ ತೇಗದ ಹಲಗೆಯನ್ನು ಚೌಕಟ್ಟಿನೊಳಗೆ ಅಂಟು ಹಾಕಿ ಬಿಗಿಯಬೇಕೆಂದು ಬರೆದೆ. ಮರ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅಂಟು ಬೇಡ, ಆಡಲು ಜಾಗ ಬಿಡಿ ಎಂದು ಮೇಸ್ತ್ರಿ ಎರಡು ಸಲ ಹೇಳಿದರು. ನಕಾಶೆಯಂತೆ ಮಾಡಿ ಎಂದೆ. ಏಪ್ರಿಲಿನಲ್ಲಿ ಹಲಗೆ ಸೀಳಿತು, ಮೇಸ್ತ್ರಿಯ ಕೂಲಿಯನ್ನು ತಡೆಹಿಡಿದರು, ತಪ್ಪು ನನ್ನದೆಂದು ನಾನು ಬಾಯಿ ಬಿಡಲಿಲ್ಲ. ಉಳಿ ಹಿಡಿಯದ್ದಕ್ಕೆ ನಾನು ನಾಚಿದ್ದಿಲ್ಲ, ಆ ಮೌನಕ್ಕೆ ಈಗಲೂ ನಾಚುತ್ತೇನೆ.

ಇಷ್ಟಕ್ಕೂ ರೂಲ್‌ಮಾನ್ 1933ರಲ್ಲಿ ತೀರಿಕೊಳ್ಳುವ ಮುನ್ನ, ಒಪ್ಪಿಕೊಂಡ ಕೆಲಸಗಳನ್ನು ಮುಗಿಸಿ ಸಂಸ್ಥೆಯನ್ನು ಮುಚ್ಚಬೇಕೆಂದು ತಿಳಿಸಿದ್ದ. ಬಡಗಿಗಳೆಲ್ಲ ಇದ್ದರು, ಮರವೂ ಇತ್ತು. ಕಣ್ಣು ಮಾತ್ರ ಇರುವುದಿಲ್ಲವೆಂದು ಆತ ಬಗೆದಿರಬೇಕು. ಗೆರೆ ಎಳೆಯುವುದು ಬರಿಯ ಕೆಲಸವಾಗಿದ್ದರೆ ಹಾಗೆ ಹೇಳುತ್ತಿದ್ದನೇ?

ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ ಮುಂದಿನ ಕುರ್ಚಿಯ ಒಂದು ಕಾಲನ್ನಾದರೂ ಪೂರ್ಣ ಅಳತೆಯಲ್ಲಿ ಬರೆದು, ಅಲ್ಲಿನ ಬಡಗಿಯೊಬ್ಬರ ಮುಂದೆ ಹಾಸಿ, ಅವರು ಏನೆನ್ನುತ್ತಾರೋ ಸುಮ್ಮನೆ ಕೇಳು. ಆ ನಕಾಶೆಯ ಒಂದು ಪ್ರತಿಯನ್ನು ನನಗೂ ಕಳಿಸು. ಕಣ್ಣು ಮಂಜಾಗಿದೆ, ಅಷ್ಟು ದೊಡ್ಡದಾದರೆ ಕಾಣುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ