ಯಾರ ಜೊತೆ ಹೋಲಿಸಿದ ಅಂಕಿ ಅದು?

ಕಲಬುರಗಿ

ಚಿ. ಸೌ. ಅಕ್ಕನ ಮಗಳಿಗೆ ಸೋದರಮಾವನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ, ನಿನ್ನ ಮಗನದೂ ನಿಮ್ಮ ಅತ್ತೆಯವರದೂ, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಎರಡೂ ರಿಪೋರ್ಟ್ ನೋಡಿದೆ. ಮಗನದು ಓದಿ ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ನಿಮ್ಮವ್ವ ಹೇಳಿದಳು. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಎಕ್ಸ್-ರೇ ಕೋಣೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಔಷಧಿ ಬರೆಯಲು ಬರುವುದಿಲ್ಲ, ಆದರೆ ಇಂಥ ಕಾಗದ ಓದಲು ಬರುತ್ತದೆ.

ಮಗನ ರಿಪೋರ್ಟಿನಲ್ಲಿ ಟಿ-ಸ್ಕೋರ್ ಮೈನಸ್ 3.1 ಅಂತ ಇದೆ. ನೀನು ಗೂಗಲ್ ಮಾಡಿದ್ದೀಯ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಪೊಳ್ಳಾಗುವ ರೋಗ, ಅಂತ ಸಿಕ್ಕಿದೆ, ಅಲ್ವಾ? ಆ ಗೆರೆ ಹಾಕಿದ್ದು ವಿಶ್ವ ಆರೋಗ್ಯ ಸಂಸ್ಥೆ, 1994ರಲ್ಲಿ, ಮುಟ್ಟು ನಿಂತ ಹೆಂಗಸರ ಲೆಕ್ಕಕ್ಕೆ. ಟಿ-ಸ್ಕೋರ್ ಅಂದರೆ ಎಲುಬು ಪೂರ್ತಿ ಬಲಿತ, ಇಪ್ಪತ್ತರಿಂದ ಮೂವತ್ತರೊಳಗಿನವರ ಜೊತೆ ಹೋಲಿಕೆ. ಒಂಬತ್ತು ವರ್ಷದ ಹುಡುಗನನ್ನು ಅವರ ಪಕ್ಕ ನಿಲ್ಲಿಸಿದರೆ ಕಡಿಮೆ ಬರದೆ ಇನ್ನೇನು ಬರುತ್ತದೆ? ಮಕ್ಕಳ ರಿಪೋರ್ಟಿನಲ್ಲಿ ಆ ಅಂಕಿ ಇರಲೇಬಾರದು. ಕಂಪ್ಯೂಟರ್ ಕೊಟ್ಟಿದ್ದನ್ನು ಯಾರೋ ಹಾಗೇ ಪ್ರಿಂಟ್ ಹೊಡೆದು ಕೈಗೆ ಕೊಟ್ಟಿದ್ದಾರೆ.

ನೀನು ನೋಡಬೇಕಾದದ್ದು ಪಕ್ಕದ ಝಡ್-ಸ್ಕೋರ್. ಅದು ಅವನದೇ ವಯಸ್ಸಿನ ಹುಡುಗರ ಜೊತೆ ಹೋಲಿಸಿದ್ದು. ಅವನದು ಮೈನಸ್ 1.6. ಮೈನಸ್ 2ಕ್ಕೆ ಇಳಿದರೆ ವಯಸ್ಸಿಗೆ ಕಡಿಮೆ ಅನ್ನುತ್ತಾರೆ. ಆಗಲೂ ಬರೀ ಅಂಕಿ ನೋಡಿ ಮಗುವಿಗೆ ಆಸ್ಟಿಯೋಪೊರೋಸಿಸ್ ಅಂತ ಹೆಸರಿಡುವಂತಿಲ್ಲ. ಹತ್ತು ವರ್ಷದೊಳಗೆ ಕೈಕಾಲಿನ ಉದ್ದ ಎಲುಬು ಎರಡು ಸಲವಾದರೂ ಮುರಿದಿರಬೇಕು. ಇಲ್ಲ, ದೊಡ್ಡ ಪೆಟ್ಟಿಲ್ಲದೆ ಬೆನ್ನೆಲುಬಿನ ಮಣಿ ಕುಸಿದಿರಬೇಕು. ನಮ್ಮವನು ಸೈಕಲ್ಲಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದು ಒಂದೇ ಸಲ.

ಇನ್ನೊಂದು ಮಾತು. ಕಿಡ್ನಿ ಬಾವಿಗೆ ತಗೊಳ್ಳುವ ಸ್ಟೆರಾಯ್ಡ್ ಗುಳಿಗೆಯಿಂದ ಅವನ ಎತ್ತರ ಸ್ವಲ್ಪ ಹಿಂದೆ ಬಿದ್ದಿದೆ. ಡೆಕ್ಸಾ ಯಂತ್ರಕ್ಕೆ ಎಲುಬಿನ ದಪ್ಪ ಕಾಣುವುದಿಲ್ಲ. ಮೇಲಿನಿಂದ ನೋಡಿ, ಎಷ್ಟು ಗ್ರಾಂ ಖನಿಜ ಇದೆಯೋ ಅದನ್ನು ಮೇಲ್ಮೈಯ ವಿಸ್ತೀರ್ಣದಿಂದ ಭಾಗಿಸುತ್ತದೆ, ಅಷ್ಟೇ. ನಮ್ಮ ಶಹಾಬಾದ್ ಕಲ್ಲಿನ ಎರಡು ಚೌಕ ತುಂಡು ತಗೋ. ಒಂದು ಎಲ್ಲ ಕಡೆ 2 ಸೆಂಟಿಮೀಟರ್, ಇನ್ನೊಂದು 3. ಒಂದು ಘನ ಸೆಂಟಿಮೀಟರಿಗೆ ಎರಡೂವರೆ ಗ್ರಾಂ ಅಂದುಕೋ. ಸಣ್ಣದು 20 ಗ್ರಾಂ, ಮೇಲ್ಮೈ 4, ಭಾಗಿಸಿದರೆ 5. ದೊಡ್ಡದು 67.5 ಗ್ರಾಂ, ಮೇಲ್ಮೈ 9, ಭಾಗಿಸಿದರೆ 7.5. ಕಲ್ಲು ಒಂದೇ ಖಣಿಯದು, ಆದರೂ ಯಂತ್ರ ಸಣ್ಣದನ್ನು ಪೊಳ್ಳು ಅನ್ನುತ್ತದೆ. ಅದಕ್ಕೇ ಕುಳ್ಳ ಮಕ್ಕಳ ಅಂಕಿಯನ್ನು ಎತ್ತರಕ್ಕೆ ಹೊಂದಿಸಿ ಓದಬೇಕು. ರಿಪೋರ್ಟಿನಲ್ಲಿ ಎತ್ತರದ ಖಾನೆ ಖಾಲಿ ಇದೆ, ನೋಡಿದೆಯಾ?

ಚಿತ್ರ ದೊಡ್ಡದು ಮಾಡಿ ನೋಡಿದೆ. ಸೊಂಟದ ಹತ್ತಿರ, ಕೆಳಗಿನ ಮಣಿಯ ಮೇಲೆ ಅಡ್ಡಡ್ಡ ಒಂದು ಬಿಳಿ ಗೆರೆ. ಬೆಳ್ಳಿ ಉಡದಾರ! ಯಾರೂ ಬಿಚ್ಚಿಸಿಲ್ಲ. ಲೋಹ ಬಿದ್ದ ಮಣಿಯ ಲೆಕ್ಕ ಕೆಡುತ್ತದೆ. ಹಾಗಾಗಿ ಆ ಮೈನಸ್ 1.6ನ್ನೂ ನಾನು ಪೂರ್ತಿ ನಂಬುವುದಿಲ್ಲ. ಆ ಮಣಿ ಬಿಟ್ಟು ಮತ್ತೆ ಲೆಕ್ಕ ಹಾಕಿಕೊಡಿ ಅಂತ ಕೇಳು. ಕಂಪ್ಯೂಟರಿನಲ್ಲೇ ಆಗುತ್ತದೆ, ಹುಡುಗನನ್ನು ಮತ್ತೆ ಮಲಗಿಸಬೇಕಿಲ್ಲ.

ಈಗ ಮುಖ್ಯವಾದದ್ದು. ಗುಳಿಗೆಯಿಂದಲೇ ಎಲುಬು ಹೋಗುತ್ತಿದೆ ಅಂತ ಸ್ಟೆರಾಯ್ಡ್ ನಿಲ್ಲಿಸಿಬಿಡುತ್ತೇನೆ ಅಂದೆಯಂತೆ. ಬೇಡವ್ವಾ. ಬಹಳ ದಿನ ತಗೊಂಡ ಸ್ಟೆರಾಯ್ಡನ್ನು ದಿಢೀರ್ ಅಂತ ಬಿಟ್ಟರೆ ಜೀವಕ್ಕೇ ಅಪಾಯ. ಕಡಿಮೆ ಮಾಡುವುದಿದ್ದರೂ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಮಾಡಬೇಕು. ಆ ಗುಳಿಗೆ ಎಲುಬಿಗೆ ಒಳ್ಳೆಯದಲ್ಲ ಅನ್ನುವುದು ನಿಜ, ಅದಕ್ಕೇ ಡಾಕ್ಟರು ಈ ಸ್ಕ್ಯಾನ್ ಬರೆದದ್ದು. ಅವನು ಬೆನ್ನು ನೋವು ಅಂದರೆ ಮಾತ್ರ ಸುಮ್ನೆ ಬಿಡಬೇಡ. ಪಕ್ಕದಿಂದ ತೆಗೆಯುವ ಬೆನ್ನಿನ ಎಕ್ಸ್-ರೇ ಬೇಕಾ ಅಂತ ಕೇಳು. ಸ್ಟೆರಾಯ್ಡ್ ತಗೊಳ್ಳುವ ಮಕ್ಕಳಲ್ಲಿ ಅಂಕಿ ಚೆನ್ನಾಗಿದ್ದಾಗಲೂ ಮಣಿ ಕುಸಿಯುವುದುಂಟು.

ನಿಮ್ಮ ಅತ್ತೆಯವರದು ಇದಕ್ಕೆ ಉಲ್ಟಾ. ಬೆನ್ನಿನ ಟಿ-ಸ್ಕೋರ್ ಮೈನಸ್ 0.4, ಕೆಳಗೆ ನಾರ್ಮಲ್ ಅಂತ ಬರೆದಿದೆ, ನೀವೆಲ್ಲ ನಿಶ್ಚಿಂತೆಯಿಂದ ಇದ್ದೀರಿ. ನನಗೆ ಚಿಂತೆ ಇರುವುದು ಅಲ್ಲೇ. ಅವರು ಇಷ್ಟು ವರ್ಷ ಕುಡಿದದ್ದು ಹಳ್ಳಿಯ ಬೋರ್‌ವೆಲ್ ನೀರು. ಯಾದಗಿರಿ ಕಡೆ ಎಷ್ಟೋ ಊರುಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಬೆನ್ನೆಲುಬು ಯಂತ್ರಕ್ಕೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಮಾತ್ರ ಪೆಡಸು, ಬೇಗ ಮುರಿಯುತ್ತದೆ. ವಯಸ್ಸಾದವರ ಬೆನ್ನಿನಲ್ಲಿ ಎಲುಬು ಮುಳ್ಳಿನಂತೆ ಬೆಳೆಯುತ್ತದಲ್ಲ, ಅದೂ ಅಂಕಿಯನ್ನು ಮೇಲೆತ್ತುತ್ತದೆ. ಎರಡನೇ ಪುಟ ತೆಗೆ. ತೊಡೆಸಂದಿನ ಹತ್ತಿರ ಮೈನಸ್ 2.7 ಇದೆ. ದೊಡ್ಡವರಲ್ಲಿ ಕಡಿಮೆ ಇರುವ ಜಾಗದ ಅಂಕಿಯನ್ನೇ ಹಿಡಿಯಬೇಕು. ಜೊತೆಗೆ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾರೆ. ನಿಂತಲ್ಲೇ ಬಿದ್ದು ಎಲುಬು ಮುರಿಯಿತು ಅಂದರೆ ಯಾವ ನಾರ್ಮಲ್ಲೂ ನನಗೆ ಸಮಾಧಾನ ಕೊಡುವುದಿಲ್ಲ. ಅವರನ್ನು ಈ ವಾರವೇ ತೋರಿಸು. ಬೋರಿನ ನೀರು ಕುಡಿದದ್ದನ್ನೂ ಡಾಕ್ಟರಿಗೆ ಹೇಳು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಕುಡಿಯಲು ಶುದ್ಧ ನೀರಿನ ಘಟಕದ ನೀರೇ ತರಿಸಿ.

ಹಿಮ್ಮಡಿ ಇಟ್ಟು ನೋಡುವ ಫ್ರೀ ಕ್ಯಾಂಪಿನ ಚೀಟಿಯನ್ನೂ ಕಳಿಸಿದ್ದೀಯ. ಅದು ಬೇರೆ ಯಂತ್ರ, ಈ ಅಂಕಿಗಳ ಪಕ್ಕ ಇಟ್ಟು ನೋಡಬೇಡ.

ಮಗನಿಗೆ ಮತ್ತೆ ಯಾವಾಗ ಮಾಡಿಸಬೇಕು ಅಂತ ಅವನ ಡಾಕ್ಟರು ಹೇಳುತ್ತಾರೆ. ಆಗಲೂ ಹೈದರಾಬಾದಿನ ಅದೇ ಯಂತ್ರದಲ್ಲೇ ಮಾಡಿಸು. ಯಂತ್ರ ಬದಲಾದರೆ ಹೆಚ್ಚು ಕಡಿಮೆ ಆದದ್ದು ಎಲುಬೋ ಯಂತ್ರವೋ ತಿಳಿಯುವುದಿಲ್ಲ. ಕಿರಣದ ಭಯ ಬೇಡ, ಎದೆಯ ಎಕ್ಸ್-ರೇಗಿಂತಲೂ ಕಡಿಮೆ. ಆ ದಿನ ಬೆಳಿಗ್ಗೆ ಕ್ಯಾಲ್ಸಿಯಂ ಗುಳಿಗೆ ಕೊಡಬೇಡ. ಉಡದಾರ, ತಾಯಿತ ಮನೆಯಲ್ಲೇ ಬಿಚ್ಚಿಡು, ಅತ್ತೆಯವರು ಬೈದರೆ ನನ್ನ ಹೆಸರು ಹೇಳು.

ಅವರ ಮುರಿದ ಕೈಯ ಹಳೆಯ ಎಕ್ಸ್-ರೇ ಇದ್ದರೆ ಕಳಿಸು. ಮೊಬೈಲ್ ಫೋಟೋ ಬೇಡ, ಫಿಲ್ಮೇ ಬೇಕು. ಭಾನುವಾರ ನಿಮ್ಮವ್ವ ಬರುತ್ತಾಳಲ್ಲ, ಅವಳ ಕೈಯಲ್ಲಿ ಕೊಟ್ಟು ಕಳಿಸಿದರೆ ಸಾಕು.

ನಿನ್ನ
ಮಾಮಾ